ಅಂತರರಾಷ್ಟ್ರೀಯ ಸಂಬಂಧಗಳ ಅಧ್ಯಯನ ಮತ್ತು ಕೊಪ್ಪಳದ ನಿದರ್ಶನ

ಅಂತರರಾಷ್ಟ್ರೀಯ ಸಂಬಂಧಗಳು ಹಾಗೂ ಯೂರೋಪಿನ ಅಧ್ಯಯನದಲ್ಲಿ ಸ್ನಾತಕೋತ್ತರ ಪದವಿಗಾಗಿ ಪರದೇಶಕ್ಕೆ ತೆರಳುವ ನಮ್ಮ ವಿದ್ಯಾರ್ಥಿಗೆ 1648ರ ವೆಸ್ಟ್‌ಫೇಲಿಯಾ ಒಪ್ಪಂದವು ಆರಂಭದ ಪಾಠವಾಗುವುದು ವಾಡಿಕೆ. ಸಾರ್ವಭೌಮ ರಾಜ್ಯವೇ ಶಾಸ್ತ್ರದ ಮೂಲಘಟಕವೆಂಬುದು ಅದರ ತಾತ್ಪರ್ಯ. ಈ ಅಳತೆಗೋಲು ನಮ್ಮ ನೆಲಕ್ಕೆ ಎಷ್ಟರಮಟ್ಟಿಗೆ ಸಲ್ಲುವುದೆಂಬುದನ್ನು ಕೊಪ್ಪಳದ ನಿದರ್ಶನದಿಂದ ಪರೀಕ್ಷಿಸಬಹುದು.

1948ರಲ್ಲಿ ಕೊಪ್ಪಳ ಸೀಮೆಯು ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ಆ ವರ್ಷದ ಆಗಸ್ಟಿನಲ್ಲಿ ಸಂಸ್ಥಾನವು ಭಾರತದ ವಿರುದ್ಧ ಭದ್ರತಾ ಮಂಡಳಿಗೆ ದೂರಿತ್ತಿತು. ಸೆಪ್ಟೆಂಬರ್ 16ರಂದು ಮಂಡಳಿಯು ಪ್ಯಾರಿಸ್ಸಿನಲ್ಲಿ ಅದನ್ನು ಚರ್ಚೆಗೆತ್ತಿಕೊಂಡಿತು. ಹೈದರಾಬಾದು ದೂರು ಕೊಡಲು ಅರ್ಹವಾದ ಸ್ವತಂತ್ರ ರಾಜ್ಯವೇ ಎಂಬುದೊಂದು ಮುಖ್ಯ ವಿವಾದವಾಯಿತು. ಮರುದಿನ ನಿಜಾಮರು ಕದನವಿರಾಮ ಸಾರಿದರು.

ಇದಕ್ಕೆ ಮುನ್ನವೇ ಅಳವಂಡಿ ಶಿವಮೂರ್ತಿಸ್ವಾಮಿಗಳ ಮುಂದಾಳುತನದಲ್ಲಿ ಈ ಸೀಮೆಯ ಜನರು ಗಡಿ ದಾಟಿ, ಮುಂಬಯಿ ಪ್ರಾಂತದ ಮುಂಡರಗಿಯಲ್ಲಿ ಶಿಬಿರ ಹೂಡಿ ಹೋರಾಡಿದ್ದರು. ಅವರು ಯಾವ ರಾಜ್ಯದ ಪ್ರತಿನಿಧಿಗಳೂ ಅಲ್ಲ. ರಾಜ್ಯವನ್ನೇ ಘಟಕವಾಗಿಟ್ಟುಕೊಂಡ ಶಾಸ್ತ್ರದಲ್ಲಿ ಅವರಿಗೆ ಸ್ಥಾನವೆಲ್ಲಿ?

ಯೂರೋಪಿನ ಅಧ್ಯಯನವು ಇದಕ್ಕೆ ಕೊಂಚ ನೆರವಾಗಬಲ್ಲುದು. 1951ರ ಕಲ್ಲಿದ್ದಲು–ಉಕ್ಕಿನ ಒಪ್ಪಂದವು ಸಾರ್ವಭೌಮತ್ವವನ್ನು ಹಂಚಿಕೊಳ್ಳಬಹುದೆಂದು ತೋರಿಸಿತು. ಗಡಿಯ ಅರ್ಥವು ಮಾರ್ಪಡುವುದೆಂಬ ಮಾತು ಕೊಪ್ಪಳದವರಿಗೆ ಹೊಸದಲ್ಲ. ಅವರಿಗೂ ಮುಂಡರಗಿಗೂ ನಡುವಣ ರಾಜ್ಯದ ಗಡಿ 1956ರಲ್ಲಿ ಅಳಿಯಿತು.

ಪರದೇಶದ ವಿದ್ಯೆಯನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಅಲ್ಲಿಗೆ ಹೋಗುವ ವಿದ್ಯಾರ್ಥಿಯು ಭದ್ರತಾ ಮಂಡಳಿಯ ನಡವಳಿಗಳನ್ನು ಗಡಿ ಶಿಬಿರದವರ ನೆನಪುಗಳೊಡನೆ ಹೋಲಿಸಿ ಪ್ರಬಂಧ ರಚಿಸಿದರೆ, ಶಾಸ್ತ್ರಕ್ಕೂ ಈ ಸೀಮೆಗೂ ಉಪಕಾರವಾದೀತು.