ವಕೀಲಿ ಸನ್ನದಿನ ಪರೀಕ್ಷೆ ಮತ್ತು ತೇರ್ಗಡೆಯ ಅಂಕ

ಕಾನೂನು ಪದವಿಯನ್ನು ಪಡೆದವನು ವಕೀಲಿ ವೃತ್ತಿಗೆ ಇಳಿಯಬೇಕಾದರೆ ಇನ್ನೊಂದು ಪರೀಕ್ಷೆಯನ್ನು ಕೊಡಬೇಕೆ ಎಂಬ ವಿವಾದ ನಮ್ಮ ದೇಶದಲ್ಲಿ ಬಹುಕಾಲ ನಡೆಯಿತು. 1961ರ ವಕೀಲರ ಅಧಿನಿಯಮವು ತನ್ನ 24ನೆಯ ಪ್ರಕರಣದಲ್ಲಿ ಮೊದಲು ತರಬೇತಿಯನ್ನೂ ಪರೀಕ್ಷೆಯನ್ನೂ ವಿಧಿಸಿದ್ದಿತು. 1973ರ ತಿದ್ದುಪಡಿಯು ಆ ಮಾತನ್ನು ತೆಗೆದುಹಾಕಿತು. 1995ರಲ್ಲಿ ಭಾರತೀಯ ವಕೀಲರ ಪರಿಷತ್ತು ಒಂದು ವರ್ಷದ ತರಬೇತಿಯನ್ನು ಕಡ್ಡಾಯಮಾಡಿ ನಿಯಮಗಳನ್ನು ರಚಿಸಿತು. 1999ರಲ್ಲಿ ಸರ್ವೋಚ್ಚ ನ್ಯಾಯಾಲಯವು ವಿ. ಸುದೀರ್ ಮೊಕದ್ದಮೆಯಲ್ಲಿ, ಪರಿಷತ್ತಿಗೆ ಆ ಅಧಿಕಾರವಿಲ್ಲವೆಂದು ಅವುಗಳನ್ನು ರದ್ದುಗೊಳಿಸಿತು. 2010ರಲ್ಲಿ ಪರಿಷತ್ತು ತರಬೇತಿಯನ್ನು ಬಿಟ್ಟು ಪರೀಕ್ಷೆಯನ್ನು ಮಾತ್ರ ಮತ್ತೆ ತಂದಿತು. ಮೊದಲ ಅಖಿಲ ಭಾರತ ವಕೀಲರ ಪರೀಕ್ಷೆ 2011ರ ಮಾರ್ಚ್ 6ರಂದು ನಡೆಯಿತು. ಕೊನೆಗೆ 2023ರ ಫೆಬ್ರವರಿ 10ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠವು, ಇಂತಹ ಪರೀಕ್ಷೆಯನ್ನು ನಡೆಸಲು ಪರಿಷತ್ತಿಗೆ ಅಧಿಕಾರವುಂಟೆಂದೂ ಸುದೀರ್ ತೀರ್ಪು ಸರಿಯಲ್ಲವೆಂದೂ ನಿರ್ಣಯಿಸಿತು. ಪರೀಕ್ಷೆ ನೋಂದಣಿಗೆ ಮೊದಲೋ ಅನಂತರವೋ ಎಂಬುದನ್ನು ಪರಿಷತ್ತಿನ ವಿವೇಚನೆಗೇ ಬಿಟ್ಟಿತು.

ಅಧಿಕಾರದ ಪ್ರಶ್ನೆ ಅಲ್ಲಿಗೆ ಮುಗಿಯಿತು. ಪರೀಕ್ಷೆಯಲ್ಲಿ ತೇರ್ಗಡೆಯಾಗುವುದೆಂದರೇನು ಎಂಬ ಪ್ರಶ್ನೆ ಮಾತ್ರ ಮುಗಿದಿಲ್ಲ. ಅದನ್ನು ಕುರಿತು ಆಗಬೇಕಾದಷ್ಟು ವಿಚಾರ ನಡೆದಂತೆಯೂ ಕಾಣುವುದಿಲ್ಲ. ನಡೆದಿರುವ ಚರ್ಚೆ ಬಹುಮಟ್ಟಿಗೆ ಅಂಕದ ಸಂಖ್ಯೆಯನ್ನು ಕುರಿತದ್ದು. 2023ರ ಫೆಬ್ರವರಿಯ ಹದಿನೇಳನೆಯ ಪರೀಕ್ಷೆಯವರೆಗೆ ನೂರಕ್ಕೆ 40 ಅಂಕ ಪಡೆದವರು ತೇರ್ಗಡೆಯಾಗುತ್ತಿದ್ದರು. ಅದೇ ವರ್ಷ ಡಿಸೆಂಬರಿನ ಹದಿನೆಂಟನೆಯ ಪರೀಕ್ಷೆಗೆ ಅದನ್ನು 45ಕ್ಕೆ ಏರಿಸಲಾಯಿತು. ಪರಿಶಿಷ್ಟ ಜಾತಿ ಮತ್ತು ಪಂಗಡಗಳವರಿಗೆ 40 ಎಂದು ಗೊತ್ತುಮಾಡಲಾಯಿತು. ಅದಕ್ಕೂ ಹಿಂದೆ, 2021ರ ಹದಿನಾರನೆಯ ಪರೀಕ್ಷೆಯಿಂದ, ಪುಸ್ತಕಗಳನ್ನೂ ಟಿಪ್ಪಣಿಗಳನ್ನೂ ಕೋಣೆಗೆ ಒಯ್ಯುವ ಅವಕಾಶವನ್ನು ತೆಗೆದು, ವ್ಯಾಖ್ಯಾನವಿಲ್ಲದ ಮೂಲ ಅಧಿನಿಯಮಗಳನ್ನು ಮಾತ್ರ ಉಳಿಸಲಾಗಿತ್ತು. ಇವೆರಡರಿಂದಲೂ ಮಟ್ಟ ಏರಿತೆಂದು ಕೆಲವರು ಸಂತೋಷಪಟ್ಟರು. ಕಷ್ಟದಿಂದ ಓದಿದ ಹುಡುಗರಿಗೆ ಬಾಗಿಲು ಮುಚ್ಚಿತೆಂದು ಕೆಲವರು ದೂರಿದರು. ಇಬ್ಬರೂ ಸಂಖ್ಯೆಯನ್ನು ನಂಬಿ ಮಾತನಾಡಿದವರೇ. ಆ ಸಂಖ್ಯೆಯನ್ನೇ ಸ್ವಲ್ಪ ಪರೀಕ್ಷಿಸಬೇಕೆಂದು ನಮ್ಮ ಉದ್ದೇಶ.

ಪ್ರಶ್ನಪತ್ರಿಕೆಯಲ್ಲಿ ನೂರು ಪ್ರಶ್ನೆಗಳು. ಒಂದೊಂದಕ್ಕೂ ನಾಲ್ಕು ಉತ್ತರಗಳನ್ನು ಕೊಟ್ಟು ಸರಿಯಾದುದನ್ನು ಗುರುತಿಸಲು ಕೇಳಲಾಗುತ್ತದೆ. ತಪ್ಪಿದರೆ ಅಂಕ ಕಳೆಯುವುದಿಲ್ಲ. ಆದುದರಿಂದ ಉತ್ತರ ತಿಳಿಯದ ಪ್ರಶ್ನೆಯನ್ನು ಬಿಟ್ಟುಬರಲು ಯಾವ ಪರೀಕ್ಷಾರ್ಥಿಗೂ ಕಾರಣವಿಲ್ಲ. ಕಣ್ಣುಮುಚ್ಚಿ ಗುರುತು ಹಾಕಿದರೂ ನಾಲ್ಕರಲ್ಲಿ ಒಂದು ಸರಿಯಾಗುವ ಸಂಭವವಿದೆ. ಏನೂ ಅರಿಯದವನಿಗೂ ಸರಾಸರಿ 25 ಅಂಕ ಬರುತ್ತದೆ. ಈಗ 20 ಪ್ರಶ್ನೆಗಳ ಉತ್ತರವನ್ನು ನಿಶ್ಚಯವಾಗಿ ಬಲ್ಲವನೊಬ್ಬನನ್ನು ಊಹಿಸಿಕೊಳ್ಳೋಣ. ಉಳಿದ 80ರಲ್ಲಿ ಅದೃಷ್ಟವು ಅವನಿಗೆ ಸರಾಸರಿ 20 ಕೊಡುತ್ತದೆ, ಒಟ್ಟು 40. ಹಳೆಯ ನಿಯಮದಂತೆ ಅವನು ತೇರ್ಗಡೆಯ ಗೆರೆಯ ಮೇಲೆಯೇ ನಿಂತಿದ್ದನು. ಹೊಸ ನಿಯಮದ 45ಕ್ಕೆ 27 ಪ್ರಶ್ನೆಗಳನ್ನು ಬಲ್ಲವನು ಸಾಕು: ಉಳಿದ 73ರಲ್ಲಿ 18ಕ್ಕೆ ತುಸು ಮೇಲೆ ಕೂಡಿ ಗೆರೆ ದಾಟುತ್ತಾನೆ. ಅಂದರೆ ನಾವು 40 ಎಂದು ಓದುತ್ತಿದ್ದುದು ವಾಸ್ತವವಾಗಿ 20; 45 ಎಂದು ಓದುತ್ತಿರುವುದು 27.

ಸರಾಸರಿಯ ಲೆಕ್ಕ ಒಬ್ಬೊಬ್ಬನಿಗೂ ಹಾಗೆಯೇ ಫಲಿಸುವುದಿಲ್ಲವೆಂದು ಓದುಗರು ಹೇಳಬಹುದು. ನಿಜ. ಆದರೆ ಅದರಿಂದ ಸ್ಥಿತಿ ಇನ್ನೂ ಕೆಡುತ್ತದೆಯೇ ಹೊರತು ಸುಧಾರಿಸುವುದಿಲ್ಲ. 20 ಪ್ರಶ್ನೆಗಳನ್ನಷ್ಟೇ ಬಲ್ಲವನು 45 ಅಂಕ ಪಡೆಯುವ ಸಂಭವ ಒಂದು ಸಲಕ್ಕೆ ಸುಮಾರು ಎಂಟರಲ್ಲಿ ಒಂದು. ಎಷ್ಟು ಸಲ ಬೇಕಾದರೂ ಕುಳಿತುಕೊಳ್ಳಲು ಅವಕಾಶವಿರುವುದರಿಂದ, ಹೊಸದಾಗಿ ಏನನ್ನೂ ಕಲಿಯದೆ ನಾಲ್ಕು ಸಲ ಶುಲ್ಕ ಕಟ್ಟಿದವನಿಗೆ ಆ ಸಂಭವ ಐದರಲ್ಲಿ ಎರಡರಷ್ಟಾಗುತ್ತದೆ. ಇನ್ನು ಯಾವ ಉತ್ತರವನ್ನೂ ನಿಶ್ಚಯವಾಗಿ ತಿಳಿಯದೆ, ಪ್ರತಿಯೊಂದು ಪ್ರಶ್ನೆಯಲ್ಲಿಯೂ ಎದ್ದುಕಾಣುವ ಎರಡು ತಪ್ಪುಗಳನ್ನು ಮಾತ್ರ ತಳ್ಳಿಹಾಕಬಲ್ಲ ಚತುರನಿಗೆ ಸರಾಸರಿ 50 ಬರುತ್ತದೆ. ಅವನು ನಿರಾಯಾಸವಾಗಿ ತೇರ್ಗಡೆಯಾಗುತ್ತಾನೆ. ತಳ್ಳಿಹಾಕುವುದೂ ಒಂದು ಬಗೆಯ ತಿಳಿವಳಿಕೆಯೆಂದು ಒಪ್ಪೋಣ. ಆದರೆ ಕಕ್ಷಿದಾರನು ತನ್ನ ಜಮೀನಿನ ವ್ಯಾಜ್ಯವನ್ನು ತಂದು ವಕೀಲನ ಮುಂದಿಡುವಾಗ ನಾಲ್ಕು ಉತ್ತರಗಳನ್ನು ಬರೆದುಕೊಂಡು ಬರುವುದಿಲ್ಲ.

ಇದಕ್ಕಿಂತಲೂ ಗಂಭೀರವಾದ ದೋಷ ಅಂಕಗಳ ಹಂಚಿಕೆಯಲ್ಲಿದೆ. ನೂರು ಅಂಕಗಳನ್ನು 19 ವಿಷಯಗಳಿಗೆ ಹಂಚಲಾಗಿದೆ. ಸಂವಿಧಾನಕ್ಕೆ 10, ಸಿವಿಲ್ ಪ್ರಕ್ರಿಯಾ ಸಂಹಿತೆಗೆ 10, ದಂಡ ಪ್ರಕ್ರಿಯೆಗೆ 10, ಅಪರಾಧ ಕಾನೂನಿಗೆ 8, ಕರಾರು ಮತ್ತು ಆಸ್ತಿ ಹಸ್ತಾಂತರ ಮೊದಲಾದವುಗಳಿಗೆ 8. ಈ ಐದನ್ನು ಕೂಡಿದರೆ 46. ತೇರ್ಗಡೆಗೆ ಬೇಕಾದುದು ಒಟ್ಟು ಅಂಕ ಮಾತ್ರ, ವಿಷಯವಾರು ಕನಿಷ್ಠವೆಂಬುದಿಲ್ಲ. ಆದುದರಿಂದ ಈ ಐದು ವಿಷಯಗಳನ್ನು ಚೆನ್ನಾಗಿ ಓದಿದವನು ಸಾಕ್ಷ್ಯ ಕಾನೂನಿನ 8 ಅಂಕಗಳಲ್ಲಿ ಸೊನ್ನೆಯನ್ನೂ, ಕುಟುಂಬ ಕಾನೂನಿನ 8ರಲ್ಲಿ ಸೊನ್ನೆಯನ್ನೂ ಪಡೆದು ಸನ್ನದನ್ನು ಹಿಡಿದುಕೊಂಡು ಹೊರಬರಬಹುದು. ಸಾಕ್ಷ್ಯ ಕಾನೂನನ್ನು ತಿಳಿಯದ ವಕೀಲನು ಪಾಟೀಸವಾಲಿಗೆ ಎದ್ದುನಿಂತರೆ ಏನಾದೀತೆಂಬುದನ್ನು ಕೆಳ ನ್ಯಾಯಾಲಯದಲ್ಲಿ ಒಂದು ಮಧ್ಯಾಹ್ನ ಕುಳಿತವರು ಬಲ್ಲರು.

ವೃತ್ತಿಧರ್ಮಕ್ಕೆ ಕೊಟ್ಟಿರುವುದು 4 ಅಂಕ. ಕಕ್ಷಿದಾರನ ಹಣವನ್ನು ತನ್ನ ಹಣದೊಡನೆ ಬೆರಸಬಾರದು, ಅವನು ನಂಬಿ ಹೇಳಿದುದನ್ನು ಹೊರಗೆಡಹಬಾರದು, ವ್ಯಾಜ್ಯದ ಫಲದಲ್ಲಿ ಪಾಲು ಕೇಳಬಾರದು: ವಕೀಲನನ್ನು ದಲ್ಲಾಳಿಯಿಂದ ಬೇರ್ಪಡಿಸುವ ಕಟ್ಟಳೆಗಳು ಇವು. ಇವುಗಳನ್ನು ಉಲ್ಲಂಘಿಸಿದವನ ಸನ್ನದನ್ನು ಕಿತ್ತುಕೊಳ್ಳುವ ಅಧಿಕಾರ 35ನೆಯ ಪ್ರಕರಣದಂತೆ ರಾಜ್ಯ ಪರಿಷತ್ತಿನ ಶಿಸ್ತು ಸಮಿತಿಗೆ ಇದೆ. ಹೀಗೆ ಯಾವುದನ್ನು ಮರೆತರೆ ವೃತ್ತಿಯೇ ಹೋಗುವುದೋ, ಅದನ್ನು ಸ್ವಲ್ಪವೂ ಅರಿಯದೆ ವೃತ್ತಿಯನ್ನು ಪ್ರವೇಶಿಸಲು ನಿಯಮವೇ ಎಡೆಗೊಟ್ಟಿದೆ. ಈ ವಿಪರ್ಯಾಸವನ್ನು ನಿಯಮಕರ್ತರು ಗಮನಿಸಲಿಲ್ಲವೆಂದು ನಂಬುವುದು ನಮಗೆ ಕಷ್ಟವಾಗಿದೆ.

ಬೇರೆ ದೇಶಗಳಲ್ಲಿ ಇದನ್ನು ಹೇಗೆ ಬಗೆಹರಿಸಿದ್ದಾರೆ ಎಂಬುದಕ್ಕೆ ಒಂದು ಉದಾಹರಣೆ ಸಾಕು. ನ್ಯೂಯಾರ್ಕ್ ರಾಜ್ಯವು 2016ರಲ್ಲಿ ಜಾರಿಗೆ ತಂದ ಏಕರೂಪದ ವಕೀಲರ ಪರೀಕ್ಷೆಯಲ್ಲಿ ಅರ್ಧದಷ್ಟು ತೂಕ ಮಾತ್ರ ಉತ್ತರ ಗುರುತಿಸುವ 200 ಪ್ರಶ್ನೆಗಳಿಗೆ, ಉಳಿದುದು ಬರವಣಿಗೆಗೆ. ಅದರಲ್ಲಿಯೂ ನೂರಕ್ಕೆ 20ರಷ್ಟನ್ನು, ಕಕ್ಷಿದಾರನ ಕಾಗದಪತ್ರಗಳ ಕಟ್ಟೊಂದನ್ನೂ ಬೇಕಾದ ಕಾನೂನನ್ನೂ ಕೈಗೆ ಕೊಟ್ಟು, ತೊಂಬತ್ತು ನಿಮಿಷಗಳಲ್ಲಿ ಒಂದು ಪತ್ರವನ್ನೋ ಮನವಿಯನ್ನೋ ಬರೆದುಕೊಡೆಂದು ಕೇಳುವ ಎರಡು ಅಭ್ಯಾಸಗಳಿಗೆ ಮೀಸಲಿಡಲಾಗಿತ್ತು. 400ಕ್ಕೆ 266 ತೇರ್ಗಡೆಯ ಅಂಕ. ವೃತ್ತಿಧರ್ಮಕ್ಕೆ ಇದರಿಂದ ಬೇರೆಯಾದ ಪರೀಕ್ಷೆಯೇ ಇದ್ದು, ಅದರಲ್ಲಿ ಪ್ರತ್ಯೇಕವಾಗಿ ತೇರ್ಗಡೆಯಾಗಬೇಕು. ಅಲ್ಲಿಯ ಪದ್ಧತಿ ನಿರ್ದುಷ್ಟವೆಂದು ನಾವು ಹೇಳುವುದಿಲ್ಲ. ಅಂಕದ ಗೆರೆಯನ್ನು ಎಲ್ಲಿ ಎಳೆಯಬೇಕೆಂಬ ಜಗಳ ಅಲ್ಲಿಯೂ ಇದೆ. ಕ್ಯಾಲಿಫೋರ್ನಿಯದಲ್ಲಿ 2020ರಲ್ಲಿ 1440ರಿಂದ 1390ಕ್ಕೆ ಇಳಿಸಬೇಕಾಯಿತು. ಆದರೆ ಅವರು ಜಗಳವಾಡುವುದು ಬರವಣಿಗೆಯನ್ನೂ ಅಳೆದು ಬಂದ ಸಂಖ್ಯೆಯನ್ನು ಕುರಿತು.

ಇಲ್ಲಿ ಬಲವಾದ ಆಕ್ಷೇಪವೊಂದಿದೆ. ಪರೀಕ್ಷೆಗೆ ಕುಳಿತುಕೊಳ್ಳುವವರ ಸಂಖ್ಯೆ ಬಹಳ, ಭಾಷೆಗಳು ಅನೇಕ. ಬರವಣಿಗೆಯನ್ನು ಬೆಲೆಕಟ್ಟಲು ಹೊರಟರೆ ಒಬ್ಬ ಪರೀಕ್ಷಕನ 40 ಇನ್ನೊಬ್ಬನ 55 ಆದೀತು. ಫಲಿತಾಂಶ ವರ್ಷಗಟ್ಟಲೆ ತಡವಾದೀತು. ಆ ವಿಳಂಬದ ಹೊರೆ ಬೀಳುವುದು ಬಡ ಮನೆಯ ಪದವೀಧರನ ಮೇಲೆ. ಉತ್ತರ ಗುರುತಿಸುವ ಪದ್ಧತಿಗೆ ಪಕ್ಷಪಾತವಿಲ್ಲವೆಂಬ ಈ ಮಾತಿನ ತೂಕವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ವಿಷಯವಾರು ಕನಿಷ್ಠವನ್ನು ಗೊತ್ತುಮಾಡಲು, ವೃತ್ತಿಧರ್ಮದ 4 ಪ್ರಶ್ನೆಗಳನ್ನು 15ಕ್ಕೆ ಏರಿಸಿ ಅದರಲ್ಲಿ ಪ್ರತ್ಯೇಕ ತೇರ್ಗಡೆಯನ್ನು ಬಯಸಲು, ತಪ್ಪು ಉತ್ತರಕ್ಕೆ ಮೂರನೆಯ ಒಂದು ಅಂಶವನ್ನು ಕಳೆದು ಅದೃಷ್ಟದ ಪಾಲನ್ನು ಸೊನ್ನೆಗೆ ಇಳಿಸಲು ಒಬ್ಬ ಪರೀಕ್ಷಕನೂ ಹೆಚ್ಚಾಗಿ ಬೇಕಿಲ್ಲ. ಹೀಗೆ ಅದೃಷ್ಟವನ್ನು ಕಳೆದ ಮೇಲೆ 45ನ್ನೇ ಉಳಿಸಿಕೊಳ್ಳಬೇಕೆಂಬ ಹಟವೂ ನಮಗಿಲ್ಲ. ನಿಜವಾದ 35 ಈಗಿನ 45ಕ್ಕಿಂತ ಹೆಚ್ಚು ಬೆಲೆಯುಳ್ಳದ್ದು.

ಕನ್ನಡದ ಪರೀಕ್ಷಾರ್ಥಿಯ ವಿಷಯವನ್ನು ಇಲ್ಲಿ ಹೇಳಲೇಬೇಕು. ಈ ಪರೀಕ್ಷೆಯನ್ನು ಕನ್ನಡದಲ್ಲಿಯೂ ಕೊಡಬಹುದಾಗಿದೆ; ಇದು ಮೆಚ್ಚತಕ್ಕದ್ದೇ. ಆದರೆ ಕನ್ನಡದಲ್ಲಿ ಕೊಡುವುದೆಂದರೆ ಪ್ರಶ್ನೆಯನ್ನು ಕನ್ನಡದಲ್ಲಿ ಓದಿ ಒಂದು ಗುರುತು ಹಾಕುವುದಷ್ಟೆ; ಒಂದು ವಾಕ್ಯವನ್ನಾದರೂ ಬರೆಯಬೇಕಾಗಿಲ್ಲ. ಅದೇ ಸನ್ನದಿನಿಂದ ಅವನು ನಾಳೆ ತಾಲ್ಲೂಕು ನ್ಯಾಯಾಲಯದಲ್ಲಿ ದಾವೆಯ ಅರ್ಜಿಯನ್ನು ಬರೆಯಬೇಕು, ಪ್ರತಿವಾದಿಯ ಹೇಳಿಕೆಗೆ ಉತ್ತರ ಕೊಡಬೇಕು, ಓದುಬರೆಹವಿಲ್ಲದ ಸಾಕ್ಷಿಯಿಂದ ಅವನ ಮಾತಿನಲ್ಲಿಯೇ ಸತ್ಯವನ್ನು ಹೊರಡಿಸಬೇಕು. ಇಂಗ್ಲಿಷಿನಲ್ಲಿ ಪರೀಕ್ಷೆ ಕೊಟ್ಟವನಿಗೂ ಇದೇ ಕೆಲಸ ಕಾದಿದೆ. ಭಾಷೆಯ ಮೇಲಿನ ಹಿಡಿತವೇ ಬಂಡವಾಳವಾಗಿರುವ ವೃತ್ತಿಯೊಂದಕ್ಕೆ ಪ್ರವೇಶ ದೊರೆಯುವುದು ಪೆನ್ನಿನಿಂದ ವೃತ್ತವೊಂದನ್ನು ತುಂಬಿಸುವುದರಿಂದ ಎಂಬುದನ್ನು ಭಾಷೆಯ ಅಧ್ಯಾಪಕರೂ ಯೋಚಿಸಬೇಕಾಗಿದೆ.

ಈ ಪ್ರಶ್ನೆ ಕಾಲೇಜುಗಳ ಒಳಕ್ಕೆ ಬರುವ ದಿನ ದೂರವಿಲ್ಲ. 2024ರ ಸೆಪ್ಟೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಅಂತಿಮ ವರ್ಷದ ವಿದ್ಯಾರ್ಥಿಗಳಿಗೂ ಪರೀಕ್ಷೆಗೆ ನೋಂದಾಯಿಸಿಕೊಳ್ಳಲು ಅವಕಾಶ ಕೊಡಬೇಕೆಂದು ಆದೇಶಿಸಿತು. ಪದವಿಗೂ ಸನ್ನದಿಗೂ ನಡುವೆ ಕಾಲಹರಣವಾಗದಿರಲೆಂಬ ಉದ್ದೇಶ ಒಳ್ಳೆಯದೇ. ಆದರೆ ಇದರಿಂದ ಅಂತಿಮ ವರ್ಷದ ಪಾಠವು ನೂರು ಪ್ರಶ್ನೆಗಳ ಅಚ್ಚಿಗೆ ಇಳಿಯುವ ಭಯವಿದೆ. ಆ ವರ್ಷಗಳಲ್ಲಿ ವಿದ್ಯಾರ್ಥಿಗಳು ಮಾಡಬೇಕಾದ ಕೆಲಸ ಬೇರೆಯೇ ಇದೆ: ಪರಿಷತ್ತಿನ 2008ರ ಕಾನೂನು ಶಿಕ್ಷಣ ನಿಯಮಗಳು ನ್ಯಾಯಾಲಯದ ಅರ್ಜಿಗಳ ರಚನೆಯಲ್ಲಿ 15, ಹಕ್ಕುಪತ್ರಗಳ ರಚನೆಯಲ್ಲಿ 15 ಅಭ್ಯಾಸಗಳನ್ನು ವಿಧಿಸಿ, ಅವುಗಳಿಗೆ 90 ಅಂಕಗಳನ್ನೂ ಮೌಖಿಕ ಪರೀಕ್ಷೆಗೆ 10ನ್ನೂ ಇಟ್ಟಿವೆ. ಈ ಮೂವತ್ತು ಅಭ್ಯಾಸಗಳ ದಫ್ತರವು ಹಿಂದಿನ ವರ್ಷದವರ ದಫ್ತರದಿಂದ ನಕಲಾಗುವುದುಂಟೆಂಬುದನ್ನು ಅಧ್ಯಾಪಕರು ಅರಿಯದವರಲ್ಲ. ಅವುಗಳಲ್ಲಿ ಒಂದನ್ನು, ಯಾವುದೆಂದು ಮೊದಲೇ ತಿಳಿಸದೆ, ಪರೀಕ್ಷೆಯ ಕೋಣೆಯಲ್ಲಿ ವಿದ್ಯಾರ್ಥಿಯು ತಾನು ಆರಿಸಿಕೊಂಡ ಭಾಷೆಯಲ್ಲಿ ಹೊಸದಾಗಿ ಬರೆಯಬೇಕೆಂದು ವಿಧಿಸಿ, ಅಂಕ ಕೊಡದೆ ಒಪ್ಪತಕ್ಕದ್ದು ಅಥವಾ ಒಪ್ಪತಕ್ಕದ್ದಲ್ಲ ಎಂದಷ್ಟೇ ತೀರ್ಮಾನಿಸಿದರೆ ಪರೀಕ್ಷಕರ ಭೇದವೂ ಬಹುಮಟ್ಟಿಗೆ ಕಡಮೆಯಾಗುತ್ತದೆ. ಪರಿಷತ್ತು ಇದನ್ನು ಕೈಗೊಳ್ಳುವವರೆಗೆ ನಮ್ಮ ಕಾನೂನು ಕಾಲೇಜುಗಳು ತಮ್ಮ ಆಂತರಿಕ ಪರೀಕ್ಷೆಯಲ್ಲಿ ಇದನ್ನು ಆಚರಣೆಗೆ ತರಲು ಯಾರ ಅಪ್ಪಣೆಯೂ ಬೇಕಾಗಿಲ್ಲ.