ಸೂರ್ಯಕಾಂತಿಗೆ ಮೂವತ್ತು ಪರ್ಸೆಂಟ್

ಸೂರ್ಯಕಾಂತಿ ಒಂದು ನಿಮಿಷಕ್ಕೆ ಕೊಯ್ಲಿಗೆ ಬರುತ್ತದೆ, ಆಲೂಗಡ್ಡೆ ಐದಕ್ಕೆ, ಕುಂಬಳ ಅರ್ಧ ಗಂಟೆಗೆ. ಅಡಿಕೆ ಸಸಿ ನೆಟ್ಟು ಸಿಂಗಾರಕ್ಕೆ ಐದಾರು ವರ್ಷ ಕಾಯುವ ಶಿರಸಿ ಸೀಮೆಯವರಿಗೆ ‘ಸನ್‌ಫ್ಲವರ್ ಲ್ಯಾಂಡ್’ ಎಂಬ ಆಟ ಮೊದಲ ನೋಟಕ್ಕೆ ಚೇಷ್ಟೆಯೇ ಸರಿ. ಚಿತ್ರ ಚೆಂದ, ಕೈಗೂ ಹಿತ. ಸ್ಟಾರ್ಡ್ಯೂ ವ್ಯಾಲಿಯ ನೆನಪು ಹೆಜ್ಜೆಹೆಜ್ಜೆಗೂ ಬರುತ್ತದೆ ಎಂದು ಈ ಅಂಕಣದ ಹಳಬರಿಗೆ ಬಿಡಿಸಿ ಹೇಳಬೇಕಿಲ್ಲ. ವ್ಯತ್ಯಾಸ ಇಷ್ಟೇ: ಇಲ್ಲಿ ಬೆಳೆದದ್ದನ್ನು ಟೋಕನ್ ಮಾಡಿಕೊಂಡು ಹೊರಗೆ ಮಾರಬಹುದು.

ನನ್ನ ಹಳೇ ವ್ಯಾಜ್ಯ ಇರುವುದೂ ಇಲ್ಲೇ. ‘ಆಡಿ ಗಳಿಸಿ’ ಪಂಥದವರು ನನ್ನನ್ನು ಅರಸಿಕನೆಂದು ತಳ್ಳಿಹಾಕಿ ವರ್ಷಗಳಾದವು. ಅವರು 2022ರ ಜನವರಿಯನ್ನು ಒಮ್ಮೆ ನೆನೆಯಲಿ. ಇದೇ ಆಟದ ಹಿಂದಿನ ಅವತಾರ ‘ಸನ್‌ಫ್ಲವರ್ ಫಾರ್ಮರ್ಸ್’ಗೆ ಬಾಟ್‌ಗಳು ನುಗ್ಗಿ, ಅದು ನಡೆಯುತ್ತಿದ್ದ ಪಾಲಿಗಾನ್ ಬ್ಲಾಕ್‌ಚೈನ್ ಜಾಲವೇ ಕಟ್ಟಿಕೊಂಡು, ವಹಿವಾಟಿನ ಶುಲ್ಕ ಗಗನಕ್ಕೇರಿತ್ತು. ನಾವಿಲ್ಲಿ ಕೊನೆಗೌಡ ಸಿಗದೆ ದೋಟಿ ಹಿಡಿದಿದ್ದೇವೆ. ಅಲ್ಲಿ ತೋಟಕ್ಕಿಂತ ಆಳುಗಳೇ ಹೆಚ್ಚಾಗಿಬಿಟ್ಟಿದ್ದರು. ಅದೂ ಊಟ ಕೇಳದ ಆಳುಗಳು!

ದಲ್ಲಾಳಿಯಿಲ್ಲದ ಮಾರುಕಟ್ಟೆ ಎಂಬ ಅವರ ಘೋಷಣೆಯೂ ನಮಗೆ ಹೊಸದಲ್ಲ. 1923ರಲ್ಲಿ ಶಿರಸಿಯಲ್ಲಿ ಬೆಳೆಗಾರರ ಸಹಕಾರಿ ಸಂಘ ಟಿಎಸ್‌ಎಸ್ ಹುಟ್ಟಿದಾಗ ಬ್ಲಾಕ್‌ಚೈನ್ ಎಲ್ಲಿತ್ತು? ಟೆಂಡರ್ ದರ ಒಪ್ಪಿಗೆಯಾಗದಿದ್ದರೆ ಚಾಲಿ ಅಡಿಕೆಯನ್ನು ಇಟ್ಟು ಕಾಯುವ ವಿದ್ಯೆ ಸಿದ್ದಾಪುರ, ಯಲ್ಲಾಪುರದ ಯಾವ ಬೆಳೆಗಾರನಿಗೆ ಗೊತ್ತಿಲ್ಲ?

ಟೋಕನ್ ದರದ ಏರಿಳಿತವನ್ನೇ ಬರೆಯಬೇಕೆಂದು ಕೂತಿದ್ದೆ. ತೆರಿಗೆಯ ವಿಚಾರ ಅದಕ್ಕಿಂತ ಸ್ವಾರಸ್ಯ. ನಮ್ಮ ಕೃಷಿ ಆದಾಯವನ್ನು ಕೇಂದ್ರದ ಆದಾಯ ತೆರಿಗೆ ಮುಟ್ಟುವುದಿಲ್ಲ. ಬೆಟ್ಟದಿಂದ ಸೊಪ್ಪು ಹೊತ್ತು, ಕೊಳೆಗೆ ಬೋರ್ಡೋ ಹೊಡೆದು ಬೆಳೆದವನಿಗೆ ಸರ್ಕಾರ ಅಷ್ಟು ಮರ್ಯಾದೆ ಕೊಟ್ಟಿದೆ. ಪರದೆಯ ರೈತನಿಗೆ ಆ ಮರ್ಯಾದೆ ಇಲ್ಲ. 2022ರ ಏಪ್ರಿಲ್ 1ರಿಂದ ಟೋಕನ್ ಮಾರಿ ಬಂದ ಲಾಭಕ್ಕೆ 30 ಪರ್ಸೆಂಟ್ ತೆರಿಗೆ, ಮೇಲೆ ಸೆಸ್ಸು. ಅದೇ ಜುಲೈಯಿಂದ 1 ಪರ್ಸೆಂಟ್ ಟಿಡಿಎಸ್. ಕೊಂಡ ಬೆಲೆ ಬಿಟ್ಟರೆ ಬೇರಾವ ಖರ್ಚನ್ನೂ ಕಳೆಯುವಂತಿಲ್ಲ. ಬೀಜ, ಗೊಬ್ಬರ, ಕೂಲಿಯ ಲೆಕ್ಕ ಒಪ್ಪಿಸಿಯೇ ಅಭ್ಯಾಸವಾದವರು ಈ ಸಾಲನ್ನು ಎರಡು ಸಲ ಓದಿಕೊಳ್ಳಿ.

ಇನ್ನು ನಷ್ಟ. ಚಾಲಿಯಲ್ಲಿ ಕಳೆದುಕೊಂಡದ್ದನ್ನು ರಾಶಿಯಲ್ಲೋ ಕಾಳುಮೆಣಸಿನಲ್ಲೋ ತುಂಬಿಕೊಂಡು ಬಂದ ಜನ ನಾವು. ಅಲ್ಲಿ ಒಂದು ಟೋಕನ್ನಿನ ನಷ್ಟವನ್ನು ಇನ್ನೊಂದು ಟೋಕನ್ನಿನ ಲಾಭದಲ್ಲಿ ಕಳೆಯುವುದಕ್ಕೂ ಕಾನೂನು ಬಿಡುವುದಿಲ್ಲ.