ಇವತ್ತಿಗೋ, ನಾಳೆಗೋ?

ದಕ್ಷಿಣ ಫ್ರಾನ್ಸಿನ ಪ್ರೊವೆನ್ಸ್ ಸೀಮೆಯಲ್ಲಿ ವೆಲ್ರೋನ್ ಎಂಬ ಹಳ್ಳಿಯಿದೆ. ಫ್ರೆಂಚ್ ಹಳ್ಳಿಗಳ ಸಂತೆ ಸಾಮಾನ್ಯವಾಗಿ ಬೆಳಗ್ಗೆ ನೆರೆದು ಮಧ್ಯಾಹ್ನದ ಊಟದ ಹೊತ್ತಿಗೆ ಮುಗಿಯುತ್ತದೆ. ವೆಲ್ರೋನ್‌ನಲ್ಲಿ ಬೇಸಿಗೆಯ ಸಂತೆ ಶುರುವಾಗುವುದೇ ಸಂಜೆ 6ಕ್ಕೆ. ಮಾರುವವರೆಲ್ಲ ಬೆಳೆದವರೇ, ದಲ್ಲಾಳಿಗಳಿಗೆ ಜಾಗವಿಲ್ಲ. ಹಗಲು ಕೊಯ್ದದ್ದು ಅದೇ ಸಂಜೆ ನಮ್ಮ ಬುಟ್ಟಿಗೆ ಬರುತ್ತದೆ. ಆ ಸೀಮೆಯಲ್ಲಿ ನನಗೆ ಎಲ್ಲಕ್ಕಿಂತ ಮೆಚ್ಚಿನ ಸಂತೆ ಇದು.

ಜುಲೈಯಲ್ಲಿ ಹೋದರೆ ಮೊದಲು ಕರಬೂಜದ ಕಡೆ ನಡೆಯಿರಿ. ಸಮೀಪದ ಕವಯೋನ್ ಪಟ್ಟಣದ ಹೆಸರು ಹೊತ್ತ ಹಣ್ಣು ಅದು. ತಿಳಿ ಹಸಿರು ಸಿಪ್ಪೆ, ಅದರ ಮೇಲೆ ಕಡುಹಸಿರು ಗೆರೆಗಳು, ಒಳಗೆ ಕಿತ್ತಳೆ ಬಣ್ಣದ ತಿರುಳು. ಕವಯೋನ್ ಗ್ರಂಥಾಲಯಕ್ಕೆ ಪುಸ್ತಕ ಬೇಕೆಂದು 1864ರಲ್ಲಿ ಕೇಳಿದಾಗ, ಕಾದಂಬರಿಕಾರ ಅಲೆಕ್ಸಾಂಡರ್ ಡ್ಯೂಮಾ ತನ್ನ ಕೃತಿಗಳನ್ನೆಲ್ಲ ಕೊಡಲು ಒಪ್ಪಿ, ಬದಲಿಗೆ ಬದುಕಿರುವವರೆಗೆ ವರ್ಷಕ್ಕೆ 12 ಕರಬೂಜ ಕೇಳಿದ. ಊರಿನವರು ಒಪ್ಪಿದರು. ಹಣ್ಣು ತಿಂದವರಿಗೆ ಆ ವ್ಯವಹಾರ ದುಬಾರಿ ಎನಿಸುವುದಿಲ್ಲ.

ಒಳ್ಳೆಯ ಹಣ್ಣು ಗಾತ್ರಕ್ಕೆ ಮೀರಿ ಭಾರವಿರುತ್ತದೆ. ತೊಟ್ಟಿನ ಸುತ್ತ ಸಣ್ಣ ಬಿರುಕು ಕಂಡರೆ ಅದು ಬಳ್ಳಿಯಿಂದ ತಾನೇ ಕಳಚಿಕೊಳ್ಳುವ ಹಂತಕ್ಕೆ ಬಂದಿತ್ತೆಂದು ತಿಳಿಯಬೇಕು. ಆದರೆ ಒಂದೊಂದನ್ನೇ ಒತ್ತಿ ನೋಡುವುದು ಅಲ್ಲಿ ಸಲ್ಲದು. ಆಯ್ಕೆಯನ್ನು ಬೆಳೆದವರಿಗೇ ಬಿಡಿ. ಅವರು ಕೇಳುವುದು ಒಂದೇ: ಇವತ್ತಿಗೋ, ನಾಳೆಗೋ? ರಾತ್ರಿ ಊಟಕ್ಕೆ ಎಂದರೆ ಒಂದು ಹಣ್ಣು ಎತ್ತಿಕೊಡುತ್ತಾರೆ, ನಾಳಿದ್ದಿಗೆ ಎಂದರೆ ಬೇರೆಯದು.

ಸೂಪರ್ ಮಾರ್ಕೆಟ್ಟಿನಲ್ಲಿ ಹೀಗೆ ಕೇಳುವವರಿಲ್ಲ. ದೂರ ಸಾಗಬೇಕಾದ ಹಣ್ಣನ್ನು ಗಟ್ಟಿಯಿರುವಾಗಲೇ ಕೊಯ್ಯುತ್ತಾರೆ. ಕೊಯ್ದ ಮೇಲೆ ಕರಬೂಜ ಮೆತ್ತಗಾಗುತ್ತದೆಯೇ ಹೊರತು ಅದರ ಸಿಹಿ ಹೆಚ್ಚುವುದಿಲ್ಲ. ಇವತ್ತೇ ತಿಂದು ಮುಗಿಸಬೇಕಾದಷ್ಟು ಮಾಗಿದ ಹಣ್ಣು ಪ್ರಯಾಣವನ್ನು ತಡೆದುಕೊಳ್ಳದು. ಬೆಳೆದ ಊರಿನ ಸಂತೆಗೇ ಹೋಗಬೇಕಾದದ್ದು ಅದಕ್ಕಾಗಿ.

ಅಲ್ಲಿಗೆ ಬರುವುದು ಆಯಾ ಕಾಲದಲ್ಲಿ ಮಾಗಿದ್ದು ಮಾತ್ರ. ಹಾಗಾಗಿ ಇಂಥದ್ದೇ ಅಡುಗೆ ಎಂದು ಮನೆಯಲ್ಲಿ ಗೊತ್ತುಮಾಡಿಕೊಂಡು ಹೊರಡಬೇಡಿ. ಏಪ್ರಿಲ್‌ನಲ್ಲಿ ಆಸ್ಪರಾಗಸ್, ಸ್ಟ್ರಾಬೆರಿ. ಮೇ ಕೊನೆಗೆ ಚೆರ್ರಿ. ಮುಂದೆ ಏಪ್ರಿಕಾಟ್, ಟೊಮೆಟೊ. ಸೆಪ್ಟೆಂಬರಿಗೆ ಅಂಜೂರ, ದ್ರಾಕ್ಷಿ. ಮೇಕೆ ಹಾಲಿನ ಚೀಸ್‌ಗೂ ಕಾಲವಿದೆ: ಮರಿ ಹಾಕಿದ ಮೇಕೆಗಳು ವಸಂತದ ಎಳೆ ಹುಲ್ಲು ಮೇಯುವಾಗಿನದು ಬಲು ಸೊಗಸು. ಬಾನೋನ್ ಎಂಬ ಊರಿನವರು ಅದನ್ನು ಚೆಸ್ಟ್‌ನಟ್ ಎಲೆಯಲ್ಲಿ ಸುತ್ತಿ ಮಾಗಿಸುತ್ತಾರೆ. ಸಿಕ್ಕರೆ ಬಿಡಬೇಡಿ.

ಚೌಕಾಸಿ ಅಲ್ಲಿನ ರೂಢಿಯಲ್ಲ. ಮೊದಲು ನಮಸ್ಕಾರ ಹೇಳಿ, ಆಮೇಲೆ ಬೆಲೆ ಕೇಳಿ. ಕೈಚೀಲ ನೀವೇ ಒಯ್ಯಿರಿ. ಭಾನುವಾರ ಮಾತ್ರ ಹೋಗಬೇಡಿ, ಅಂದು ವೆಲ್ರೋನ್ ಸಂತೆಗೆ ರಜೆ.